ಕೃತಿಗೆ ಹಲವು ಲೇಖಕರಿದ್ದಾಗ: ಪ್ರಬಂಧದಲ್ಲಿ ಉಲ್ಲೇಖಿಸುವ ಬಗೆ

ದ್ರಾವಿಡ ಭಾಷೆಗಳನ್ನು ಕುರಿತ ಪ್ರಬಂಧವೊಂದರಲ್ಲಿ “ಈ ಭಾಷಾಕುಟುಂಬ ಸುಮಾರು 4,500 ವರ್ಷಗಳಷ್ಟು ಹಳೆಯದೆಂದು ಕೋಲಿಪಾಕಂ ಅವರು ಅಂದಾಜು ಮಾಡಿದ್ದಾರೆ” ಎಂಬ ವಾಕ್ಯ ಬಂದರೆ, ಓದುವವರಿಗೆ ಅದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ವ್ಯಾಕರಣ ಸರಿಯಿದೆ, ಅಂಕಿ ಸರಿಯಿದೆ, ಹೆಸರೂ ಸರಿಯಿದೆ. ಆದರೆ 2018ರಲ್ಲಿ ರಾಯಲ್ ಸೊಸೈಟಿ ಓಪನ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಆ ಲೇಖನವನ್ನು ಬರೆದವರು ಒಬ್ಬರಲ್ಲ, ಏಳು ಮಂದಿ: ವಿಷ್ಣುಪ್ರಿಯ ಕೋಲಿಪಾಕಂ, ಫಿಯೋನಾ ಜೋರ್ಡನ್, ಮೈಕೆಲ್ ಡನ್, ಸೈಮನ್ ಗ್ರೀನ್‌ಹಿಲ್, ರೆಮ್ಕೊ ಬೌಕಾರ್ಟ್, ರಸೆಲ್ ಗ್ರೇ ಮತ್ತು ಆನೆಮರಿ ವರ್ಕರ್ಕ್. ಇಂಗ್ಲಿಷಿನಲ್ಲಿ ಬರೆಯುವವರು ಹೀಗೆ ಎಡವಿದರೆ ಕ್ರಿಯಾಪದದ ಏಕವಚನವಾದರೂ ಅದನ್ನು ಬಯಲಿಗೆಳೆಯುತ್ತದೆ. ಕನ್ನಡದಲ್ಲಿ ಆ ಅನುಕೂಲವಿಲ್ಲ, ಏಕೆಂದರೆ ನಾವು ಒಬ್ಬರನ್ನು ಗೌರವದಿಂದ ಕರೆಯುವುದಕ್ಕೂ ಹಲವರನ್ನು ಒಟ್ಟಾಗಿ ಹೇಳುವುದಕ್ಕೂ ಬಳಸುವುದು ಒಂದೇ ರೂಪವನ್ನು. ‘ಮಾಡಿದ್ದಾರೆ’ ಎಂದರೆ ಒಬ್ಬರು ಮಾಡಿದರೋ ಏಳು ಮಂದಿ ಮಾಡಿದರೋ ತಿಳಿಯದು. ಆದ್ದರಿಂದ ಸಹಲೇಖಕರನ್ನು ಸೂಚಿಸುವ ಹೊಣೆಯೆಲ್ಲ ‘ಮತ್ತು ಇತರರು’ ಎಂಬ ಎರಡು ಪದಗಳ ಮೇಲೆ ಬೀಳುತ್ತದೆ. ಅವು ಜಾರಿಹೋದರೆ ಆರು ಮಂದಿ ಸದ್ದಿಲ್ಲದೆ ಮರೆಯಾಗುತ್ತಾರೆ.

ಆ ಎರಡು ಪದಗಳನ್ನು ಬರೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿದವರಲ್ಲಿ ನಾನೂ ಒಬ್ಬ. ನನ್ನ ಮೊದಲ ಸಂಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದು ಪುಟ ತೆರೆದು, ‘ಮತ್ತು ಇತರರು’ ಎಂಬಲ್ಲಿ ಬೆರಳಿಟ್ಟು, “ಯಾರಪ್ಪಾ ಈ ಇತರರು?” ಎಂದು ಕೇಳಿದರು. ನಾನು ಕೊನೆಯಲ್ಲಿದ್ದ ಗ್ರಂಥಸೂಚಿಗೆ ಹೋದೆ. ಅಲ್ಲಿಯೂ ಮೊದಲ ಹೆಸರಿನ ಮುಂದೆ ‘ಮತ್ತು ಇತರರು’ ಎಂದೇ ಇತ್ತು. ಅವರು ಏನೂ ಹೇಳದೆ ಪುಟ ಮಗುಚಿದರು; ಬೈದಿದ್ದರೆ ಅಷ್ಟು ನೆನಪಿರುತ್ತಿರಲಿಲ್ಲ.

ಉಲ್ಲೇಖ ಎರಡು ಕಡೆ ನಡೆಯುವ ಕೆಲಸವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ವಾಕ್ಯದ ಒಳಗೋ ಅಡಿಟಿಪ್ಪಣಿಯಲ್ಲೋ ಬರುವ ಚಿಕ್ಕ ಸೂಚನೆ ಕೈಮರವಿದ್ದಂತೆ. ಅದು ದಾರಿ ತೋರಿಸಿದರೆ ಸಾಕು, ಊರಿನ ವಿವರವನ್ನೆಲ್ಲ ಹೇಳಬೇಕಾಗಿಲ್ಲ. ವಿವರವೆಲ್ಲ ಇರಬೇಕಾದದ್ದು ಕೊನೆಯ ಗ್ರಂಥಸೂಚಿಯಲ್ಲಿ. ಹೆಸರನ್ನು ಎಲ್ಲಿ ಎಷ್ಟು ಮೊಟಕು ಮಾಡಬಹುದು ಎಂಬ ಬೇರೆ ಬೇರೆ ಶೈಲಿಗಳ ನಿಯಮಗಳೆಲ್ಲ ಹುಟ್ಟುವುದು ಈ ಭೇದದಿಂದ. ಮೇಲೆ ಮೊಟಕು ಮಾಡಿದ್ದನ್ನು ಕೆಳಗೆ ಬಿಡಿಸಿ ಹೇಳುವ ಶೈಲಿಗಳುಂಟು, ಎರಡು ಕಡೆಯೂ ಮೊಟಕು ಮಾಡುವ ಶೈಲಿಗಳೂ ಉಂಟು. ನಿಮ್ಮ ವಿಭಾಗ ಅಥವಾ ಪತ್ರಿಕೆ ಯಾವುದನ್ನು ಒಪ್ಪುತ್ತದೆಂದು ಬರೆಯಲು ತೊಡಗುವ ಮೊದಲೇ ಕೇಳಿ ತಿಳಿದುಕೊಳ್ಳಿ. ಬರೆದು ಮುಗಿಸಿದ ಮೇಲೆ ಇನ್ನೂರು ನಮೂದುಗಳನ್ನು ತಿದ್ದುವ ಶ್ರಮ ಯಾರಿಗೂ ಬೇಡ.

ಇಬ್ಬರು ಲೇಖಕರು

ಇಬ್ಬರಿದ್ದಾಗ ನಿಯಮ ಸರಳ, ಎಲ್ಲ ಪ್ರಮುಖ ಶೈಲಿಗಳಲ್ಲೂ ಹೆಚ್ಚುಕಡಿಮೆ ಒಂದೇ: ಇಬ್ಬರ ಹೆಸರನ್ನೂ ಪ್ರತಿ ಸಲವೂ ಬರೆಯಬೇಕು. ಕನ್ನಡ ಪದಗಳ ನಿಷ್ಪತ್ತಿಯನ್ನು ಹುಡುಕುವವರೆಲ್ಲ ಒಂದಲ್ಲ ಒಂದು ದಿನ ತೆರೆಯುವ ದ್ರಾವಿಡ ನಿಷ್ಪತ್ತಿ ಕೋಶವನ್ನು ಸಿದ್ಧಪಡಿಸಿದವರು ಟಿ. ಬರೋ ಮತ್ತು ಎಂ. ಬಿ. ಎಮೆನೊ. ಅದರ ಮೊದಲ ಆವೃತ್ತಿ 1961ರಲ್ಲಿ, ಪರಿಷ್ಕೃತ ಎರಡನೆಯ ಆವೃತ್ತಿ 1984ರಲ್ಲಿ ಬಂತು. ಆವರಣದೊಳಗೆ (ಬರೋ ಮತ್ತು ಎಮೆನೊ, 1984) ಎಂದು ಬರೆದರೆ ಸಾಕು. ಇಲ್ಲಿ ಇಸವಿ ಅಲಂಕಾರಕ್ಕಲ್ಲ: ಎರಡು ಆವೃತ್ತಿಗಳಲ್ಲಿ ನಮೂದುಗಳ ಕ್ರಮಸಂಖ್ಯೆ ಬೇರೆ ಬೇರೆ, ಮತ್ತು ಈ ಕೋಶವನ್ನು ವಿದ್ವಾಂಸರು ಉಲ್ಲೇಖಿಸುವುದು ಪುಟಸಂಖ್ಯೆಗಿಂತ ಹೆಚ್ಚಾಗಿ ನಮೂದಿನ ಸಂಖ್ಯೆಯಿಂದ. ಇಸವಿ ತಪ್ಪಿದರೆ ಓದುಗರು ಬೇರೊಂದು ಪದದ ಮುಂದೆ ಹೋಗಿ ನಿಲ್ಲುತ್ತಾರೆ.

ಇಂಗ್ಲಿಷಿನ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್) ಶೈಲಿ ಆವರಣದೊಳಗೆ ‘ಮತ್ತು’ ಎಂಬುದಕ್ಕೆ ‘&’ ಎಂಬ ಚಿಹ್ನೆಯನ್ನೂ ವಾಕ್ಯದೊಳಗೆ ಪೂರ್ಣ ಪದವನ್ನೂ ಬಳಸುತ್ತದೆ. ಕನ್ನಡ ಪ್ರಬಂಧದಲ್ಲಿ ಆ ಚಿಹ್ನೆಯನ್ನು ಎಳೆದು ತರುವುದರಿಂದ ಯಾವ ಪ್ರಯೋಜನವೂ ಇಲ್ಲವೆಂದು ನನ್ನ ಅಭಿಪ್ರಾಯ. ಎರಡೂ ಕಡೆ ‘ಮತ್ತು’ ಎಂದೇ ಇರಲಿ. ವಾಕ್ಯದೊಳಗೆ ಹೆಸರು ಬಂದಾಗ ವಿಭಕ್ತಿಯ ಕಡೆ ಗಮನ ಕೊಡಬೇಕು. ‘ಬರೋ ಮತ್ತು ಎಮೆನೊ ಅವರ ಪ್ರಕಾರ’ ಎಂದು ಕೊನೆಯಲ್ಲಿ ಒಮ್ಮೆ ‘ಅವರ’ ಬಂದರೆ ಇಬ್ಬರಿಗೂ ಸಲ್ಲುತ್ತದೆ. ‘ಬರೋ ಅವರ ಮತ್ತು ಎಮೆನೊ ಅವರ ಪ್ರಕಾರ’ ಎಂದು ಬರೆದರೆ ಇಬ್ಬರೂ ಬೇರೆ ಬೇರೆ ಕಡೆ ಹೇಳಿದ್ದಾರೆಂಬ ಅರ್ಥ ಹೊಮ್ಮುವ ಸಂಭವವಿದೆ. ಒಟ್ಟಾಗಿ ಬರೆದ ಕೃತಿಗೆ ಮೊದಲನೆಯದೇ ಸರಿ. ಆವರಣದೊಳಗೆ ಮಾತ್ರ ‘ಅವರು’ ಆಗಲಿ, ‘ಡಾ.’, ‘ಪ್ರೊ.’ ಆಗಲಿ ಬೇಡ. ಇದನ್ನು ಅಗೌರವವೆಂದು ಭಾವಿಸುವ ಮಾರ್ಗದರ್ಶಕರೂ ಇದ್ದಾರೆ. ಅವರಿಗಾಗಿ ವಾಕ್ಯದಲ್ಲಿ ‘ಅವರು’ ಉಳಿಸಿಕೊಂಡು ಆವರಣದಲ್ಲಿ ಬರಿಯ ಹೆಸರನ್ನಿಡುವುದು ಎಲ್ಲರಿಗೂ ಒಪ್ಪುವ ದಾರಿ.

ಇಬ್ಬರೇ ಇದ್ದಾಗ ಒಬ್ಬರನ್ನು ‘ಇತರರು’ ಎಂದು ಕರೆಯಬಾರದು. ಉಳಿದಿರುವವರು ಒಬ್ಬರೇ, ಅವರ ಹೆಸರು ಬರೆಯಲು ಬೇಕಾಗುವ ಜಾಗ ‘ಇತರರು’ ಎಂಬುದಕ್ಕಿಂತ ಹೆಚ್ಚೇನಲ್ಲ.

ಮೂವರು, ಏಳು ಮಂದಿ, ಐದು ಸಾವಿರ ಮಂದಿ

ಮೂವರಾದ ಕೂಡಲೇ ಶೈಲಿಗಳ ದಾರಿಗಳು ಕವಲೊಡೆಯುತ್ತವೆ. ಮೇಲೆ ಹೇಳಿದ ಏಳು ಮಂದಿಯ ಲೇಖನ ಇದನ್ನು ತೋರಿಸಲು ಹೇಳಿಮಾಡಿಸಿದಂತಿದೆ, ಏಕೆಂದರೆ ಏಳು ಎಂಬ ಸಂಖ್ಯೆ ಹಲವು ಶೈಲಿಗಳ ಗಡಿರೇಖೆಯ ಮೇಲೆಯೇ ಬೀಳುತ್ತದೆ.

ಸಮಾಜವಿಜ್ಞಾನ ಮತ್ತು ಶಿಕ್ಷಣ ವಿಭಾಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಪಿಎ ಶೈಲಿಯ ಏಳನೆಯ ಆವೃತ್ತಿ 2019ರ ಅಕ್ಟೋಬರಿನಲ್ಲಿ ಹೊರಬಂತು. ಅದರ ಪ್ರಕಾರ ಮೂವರು ಅಥವಾ ಅದಕ್ಕಿಂತ ಹೆಚ್ಚು ಲೇಖಕರಿದ್ದರೆ ಮೊದಲ ಉಲ್ಲೇಖದಿಂದಲೇ (ಕೋಲಿಪಾಕಂ ಮತ್ತು ಇತರರು, 2018) ಎಂದು ಮೊಟಕು ಮಾಡಬಹುದು. ಆದರೆ ಗ್ರಂಥಸೂಚಿಯಲ್ಲಿ ಇಪ್ಪತ್ತು ಮಂದಿಯವರೆಗೆ ಎಲ್ಲರ ಹೆಸರನ್ನೂ ಬರೆಯಬೇಕು. ಇಪ್ಪತ್ತೊಂದು ಅಥವಾ ಅದಕ್ಕೆ ಮೀರಿದರೆ ಮೊದಲ ಹತ್ತೊಂಬತ್ತು ಹೆಸರು, ಮೂರು ಚುಕ್ಕಿ, ಅನಂತರ ಕೊನೆಯವರ ಹೆಸರು. ಹಿರಿಯ ಮಾರ್ಗದರ್ಶಕರಲ್ಲಿ ಕೆಲವರು “ಮೊದಲ ಸಲ ಎಲ್ಲರನ್ನೂ ಬರೆ, ಎರಡನೆಯ ಸಲದಿಂದ ಮೊಟಕು ಮಾಡು” ಎನ್ನುತ್ತಾರೆ. ಅವರು ಹೇಳುವುದು ತಪ್ಪಲ್ಲ, ಹಳೆಯದು: 2009ರ ಆರನೆಯ ಆವೃತ್ತಿಯಲ್ಲಿ ಮೂವರಿಂದ ಐವರವರೆಗೆ ಆ ನಿಯಮವೇ ಇತ್ತು. ವಾದ ಮಾಡುವ ಬದಲು ಯಾವ ಆವೃತ್ತಿಯನ್ನು ಅನುಸರಿಸಬೇಕೆಂದು ಕೇಳುವುದು ಲೇಸು.

ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್ ರೂಪಿಸಿದ, ಸಾಹಿತ್ಯ ವಿಭಾಗಗಳಿಗೆ ಹತ್ತಿರದ ಎಂಎಲ್‌ಎ ಶೈಲಿ, ಅದರ 2021ರ ಒಂಬತ್ತನೆಯ ಆವೃತ್ತಿಯಲ್ಲಿ, ಮೂವರಾದರೂ ಸರಿ ಮೂವತ್ತಾದರೂ ಸರಿ ಎರಡು ಕಡೆಯೂ ಮೊದಲ ಹೆಸರು ಮತ್ತು ‘ಇತರರು’ ಸಾಕೆನ್ನುತ್ತದೆ. ಆವರಣದಲ್ಲಿ ಇಸವಿಯ ಬದಲು ಪುಟಸಂಖ್ಯೆ ಬರುತ್ತದೆ. ನನ್ನ ಪರೀಕ್ಷಕರ ಪ್ರಶ್ನೆಗೆ ಈ ಶೈಲಿಯಲ್ಲಿ ಉತ್ತರವೇ ಇಲ್ಲವೆಂಬುದು ಅದರ ಬಗ್ಗೆ ನನಗಿರುವ ಒಂದೇ ತಕರಾರು. ಚಿಕಾಗೊ ಶೈಲಿ ಇತ್ತೀಚೆಗೆ ಬದಲಾಗಿರುವುದರಿಂದ ಅದರ ಬಗ್ಗೆ ಎಚ್ಚರ ಬೇಕು. 2017ರ ಹದಿನೇಳನೆಯ ಆವೃತ್ತಿಯಂತೆ ಹತ್ತು ಮಂದಿಯವರೆಗೆ ಎಲ್ಲರೂ ಗ್ರಂಥಸೂಚಿಯಲ್ಲಿ ಬರಬೇಕಿತ್ತು, ಹಾಗಾಗಿ ನಮ್ಮ ಏಳು ಮಂದಿಯೂ ಬರುತ್ತಿದ್ದರು. 2024ರ ಹದಿನೆಂಟನೆಯ ಆವೃತ್ತಿ ಆರು ಮಂದಿಯವರೆಗೆ ಮಾತ್ರ ಎಲ್ಲರನ್ನೂ ಬರೆಯಲು ಹೇಳುತ್ತದೆ. ಆರನ್ನು ಮೀರಿದರೆ ಮೊದಲ ಮೂವರು ಮತ್ತು ಇತರರು. ವೈದ್ಯಕೀಯ ಪತ್ರಿಕೆಗಳ ವ್ಯಾಂಕೂವರ್ ಶೈಲಿಯಲ್ಲಿ ಮೊದಲ ಆರು ಹೆಸರು ಬಂದು ಏಳನೆಯವರಾದ ವರ್ಕರ್ಕ್ ಒಬ್ಬರೇ ‘ಇತರರು’ ಆಗುತ್ತಾರೆ. ಒಬ್ಬರನ್ನು ‘ಇತರರು’ ಎನ್ನಬಾರದೆಂದು ಮೇಲೆ ಹೇಳಿದೆನಲ್ಲ, ಶೈಲಿಯ ಲೆಕ್ಕ ಕೆಲವೊಮ್ಮೆ ಅದನ್ನೂ ಮೀರುತ್ತದೆ.

ಒಂದು ಲೇಖನಕ್ಕೆ ಎಷ್ಟು ಮಂದಿ ಲೇಖಕರಿರಬಹುದೆಂಬುದಕ್ಕೆ ಮಿತಿಯೇನೂ ಇಲ್ಲ. ಹಿಗ್ಸ್ ಬೋಸಾನ್ ಕಣದ ದ್ರವ್ಯರಾಶಿಯನ್ನು ಕುರಿತು ಸರ್ನ್ ಪ್ರಯೋಗಾಲಯದ ಎರಡು ತಂಡಗಳು 2015ರಲ್ಲಿ ಜೊತೆಯಾಗಿ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರು. ಅದರ 33 ಪುಟಗಳಲ್ಲಿ 24 ಪುಟಗಳನ್ನು ಹೆಸರುಗಳೂ ಅವರ ಸಂಸ್ಥೆಗಳೂ ತುಂಬಿಕೊಂಡಿದ್ದವು. ಅದನ್ನು ‘ಆಡ್ ಮತ್ತು ಇತರರು’ ಎಂದು ಉಲ್ಲೇಖಿಸುವುದುಂಟು. ಆಡ್ ಎಂಬವರ ಹೆಸರು ಮೊದಲು ಬಂದಿರುವುದು ರೋಮನ್ ಅಕ್ಷರಮಾಲೆಯಲ್ಲಿ ಅದು ಎಲ್ಲಕ್ಕಿಂತ ಮುಂದೆ ಬರುವುದರಿಂದ, ಅವರು ತಂಡದ ಮುಖ್ಯಸ್ಥರೆಂದಲ್ಲ. ಕಣಭೌತವಿಜ್ಞಾನ, ಗಣಿತ, ಅರ್ಥಶಾಸ್ತ್ರಗಳಲ್ಲಿ ಅಕಾರಾದಿ ಕ್ರಮ ಸಾಮಾನ್ಯ. ಜೀವವಿಜ್ಞಾನದಲ್ಲಾದರೆ ಕೆಲಸದ ಹೆಚ್ಚಿನ ಭಾಗ ಮಾಡಿದವರು ಮೊದಲು, ಪ್ರಯೋಗಾಲಯದ ಹಿರಿಯರು ಕೊನೆಗೆ. ಆದ್ದರಿಂದ ಮೊದಲ ಹೆಸರನ್ನು ಕಂಡ ಕೂಡಲೇ ‘ಇವರ ನೇತೃತ್ವದ ತಂಡ’ ಎಂದು ಬರೆಯುವ ಚಾಳಿಯನ್ನು ಬಿಡಬೇಕು. ನೇತೃತ್ವ ಯಾರದೆಂದು ಲೇಖನವೇ ಹೇಳಿದ್ದರೆ ಮಾತ್ರ ಆ ಮಾತು ಬರಲಿ.

ಹೆಸರುಗಳ ಕ್ರಮವನ್ನು ನಾವು ಬದಲಿಸಬಾರದು ಎಂಬುದೂ ಇದಕ್ಕೆ ಅಂಟಿಕೊಂಡ ಮಾತು. ಕನ್ನಡ ವರ್ಣಮಾಲೆಗೆ ಹೊಂದಿಸಲೆಂದೋ, ಹಿರಿಯರು ಹಿಂದೆ ಬಿದ್ದಿದ್ದಾರೆಂಬ ಸಂಕೋಚದಿಂದಲೋ, ನಮಗೆ ಪರಿಚಯವಿರುವ ಹೆಸರು ಮುಂದಿರಲೆಂಬ ಆಸೆಯಿಂದಲೋ ಹೆಸರುಗಳನ್ನು ಹಿಂದುಮುಂದು ಮಾಡುವುದನ್ನು ನಾನು ಎಷ್ಟೋ ಪ್ರಬಂಧಗಳಲ್ಲಿ ಕಂಡಿದ್ದೇನೆ. ಪ್ರಕಟಿತ ಕೃತಿಯಲ್ಲಿ ಇರುವ ಕ್ರಮವೇ ಕ್ರಮ.

‘ಮತ್ತು ಇತರರು’ ಎಂಬುದನ್ನು ಕನ್ನಡದಲ್ಲಿ ಬಳಸುವುದು

ಲ್ಯಾಟಿನ್ನಿನ ‘ಎಟ್ ಆಲ್.’ ಎಂಬುದನ್ನು ಕನ್ನಡ ವಾಕ್ಯದ ನಡುವೆ ಹಾಗೆಯೇ ಇಡುವವರಿದ್ದಾರೆ. ಅದು ‘ಎಟ್ ಆಲಿಯೈ’, ಅಂದರೆ ‘ಮತ್ತು ಬೇರೆಯವರು’ ಎಂಬುದರ ಮೊಟಕು ರೂಪ. ನಮ್ಮಲ್ಲಿ ಅದೇ ಅರ್ಥದ ‘ಮತ್ತು ಇತರರು’ ಇರುವಾಗ ಲ್ಯಾಟಿನ್ನಿಗೆ ಸಾಲ ಕೇಳುವ ಅಗತ್ಯವಿಲ್ಲ. ‘ಮತ್ತಿತರರು’, ‘ಮುಂತಾದವರು’, ‘ಮೊದಲಾದವರು’ ಎಂಬವೂ ಬಳಕೆಯಲ್ಲಿವೆ. ಯಾವುದನ್ನಾದರೂ ಆರಿಸಿ, ಆದರೆ ಮೊದಲ ಅಧ್ಯಾಯದಲ್ಲಿ ಒಂದು, ನಾಲ್ಕನೆಯದರಲ್ಲಿ ಇನ್ನೊಂದು ಆಗದಿರಲಿ. ‘ಮುಂತಾದವರು’ ಎಂಬುದು ಉದಾಹರಣೆ ಕೊಡುವಾಗಲೂ ಬರುವ ಪದವಾದ್ದರಿಂದ ನಾನು ಅದನ್ನು ಉಲ್ಲೇಖಕ್ಕೆ ಬಳಸುವುದಿಲ್ಲ: ‘ಬೇಂದ್ರೆ ಮುಂತಾದವರು ಹೇಳಿದ್ದಾರೆ’ ಎಂದರೆ ಒಂದೇ ಪುಸ್ತಕದ ಸಹಲೇಖಕರೆಂದು ಯಾರೂ ತಿಳಿಯುವುದಿಲ್ಲ.

ವಿಭಕ್ತಿ ಸೇರಿಸುವಾಗ ಆಗುವ ತಪ್ಪು ಎಲ್ಲಕ್ಕಿಂತ ಹೆಚ್ಚು. ‘ಕೋಲಿಪಾಕಂ ಮತ್ತು ಇತರರು ಅವರ ಪ್ರಕಾರ’ ಎಂದು ಬರೆಯುವವರು ಹೆಸರಿಗೆ ‘ಅವರ’ ಹಚ್ಚುವ ಅಭ್ಯಾಸವನ್ನು ಇಲ್ಲಿಗೂ ಎಳೆದು ತಂದಿರುತ್ತಾರೆ. ‘ಇತರರು’ ಎಂಬುದೇ ಬಹುವಚನದ ನಾಮಪದ. ಪ್ರತ್ಯಯ ನೇರವಾಗಿ ಅದಕ್ಕೇ ಸೇರುತ್ತದೆ. ‘ಕೋಲಿಪಾಕಂ ಮತ್ತು ಇತರರ ಪ್ರಕಾರ’, ‘ಕೋಲಿಪಾಕಂ ಮತ್ತು ಇತರರಿಗೆ ದೊರೆತ ಮಾಹಿತಿ’, ‘ಕೋಲಿಪಾಕಂ ಮತ್ತು ಇತರರನ್ನು ಒಪ್ಪದವರು’ ಎಂದು ಓದಿ ನೋಡಿ, ಎಲ್ಲೂ ಎಡವುವುದಿಲ್ಲ.

ಒಂದೇ ಲೇಖನವನ್ನು ಒಂದು ಪುಟದುದ್ದಕ್ಕೂ ಚರ್ಚಿಸುವಾಗ ಇನ್ನೊಂದು ತೊಡಕು ಬರುತ್ತದೆ. ಮೊದಲ ವಾಕ್ಯದಲ್ಲಿ ಸರಿಯಾಗಿ ‘ಕೋಲಿಪಾಕಂ ಮತ್ತು ಇತರರು’ ಎಂದು ಬರೆದವರು ಮೂರನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ‘ಕೋಲಿಪಾಕಂ ಅವರು ಮುಂದುವರಿದು’ ಎನ್ನುತ್ತಾರೆ, ಐದನೆಯದಕ್ಕೆ ‘ಅವರು’ ಎನ್ನುತ್ತಾರೆ. ಅಲ್ಲಿಗೆ ಏಳು ಮಂದಿ ಒಬ್ಬರಾದರು. ಇದನ್ನು ತಪ್ಪಿಸಲು ‘ಈ ಲೇಖಕರು’, ‘ಈ ಅಧ್ಯಯನ’, ‘ಇದೇ ಸಂಶೋಧಕರು’ ಎಂಬ ಮಾತುಗಳನ್ನು ಬಳಸಬಹುದು. ‘ಇಪ್ಪತ್ತು ದ್ರಾವಿಡ ಭಾಷೆಗಳ ಪದಸಾಮಗ್ರಿಯನ್ನು ಆಧರಿಸಿ ಈ ಲೇಖಕರು ತಲುಪಿದ ಅಂದಾಜು’ ಎಂದರೆ ಬಹುವಚನವೂ ಉಳಿಯುತ್ತದೆ, ಹೆಸರಿನ ಮಾಲೆಯೂ ತಪ್ಪುತ್ತದೆ.

ನಮ್ಮ ಹೆಸರುಗಳ ತಕರಾರು

ಇಷ್ಟು ಹೊತ್ತು ಹೇಳಿದ ಶೈಲಿಗಳೆಲ್ಲ ‘ಕೊನೆಯ ಹೆಸರು ಮನೆತನದ ಹೆಸರು’ ಎಂದು ನಂಬಿ ಹುಟ್ಟಿದವು. ಕನ್ನಡ ನಾಡಿನ ಹೆಸರುಗಳು ಆ ನಂಬಿಕೆಗೆ ಬಗ್ಗುವುದಿಲ್ಲ. ಎಸ್. ಎಲ್. ಭೈರಪ್ಪ ಎಂಬಲ್ಲಿ ಮೊದಲ ಅಕ್ಷರ ಸಂತೇಶಿವರ ಎಂಬ ಊರಿನದು, ಎರಡನೆಯದು ತಂದೆ ಲಿಂಗಣ್ಣಯ್ಯನವರದು. ‘ಭೈರಪ್ಪ’ ಎಂಬುದು ಇಟ್ಟ ಹೆಸರು. ‘ಭೈರಪ್ಪ, ಎಸ್. ಎಲ್.’ ಎಂದು ತಿರುಗಿಸಿದರೆ ಸರಿಯಾಗಿಯೇ ಕಾಣುತ್ತದೆ, ಆದರೆ ಅದು ಮನೆತನದ ಹೆಸರಾಗಿರುವುದರಿಂದಲ್ಲ. ಉತ್ತರ ಕರ್ನಾಟಕದ ಎಂ. ಎಂ. ಕಲಬುರ್ಗಿ, ಚಂದ್ರಶೇಖರ ಕಂಬಾರ ಎಂಬಂಥ ಹೆಸರುಗಳು ಶೈಲಿಯ ಕೈಪಿಡಿಗೆ ತಾವಾಗಿ ಒಗ್ಗಿಕೊಳ್ಳುತ್ತವೆ. ಆದರೆ ಅದೇ ಸೀಮೆಯ ಸಿಂಪಿ ಲಿಂಗಣ್ಣ, ಬೆಟಗೇರಿ ಕೃಷ್ಣಶರ್ಮ ಎಂಬವರ ಮನೆತನದ ಅಥವಾ ಊರಿನ ಹೆಸರು ಮೊದಲೇ ಬಂದಿದೆ. ಅದನ್ನು ಯಾಂತ್ರಿಕವಾಗಿ ‘ಲಿಂಗಣ್ಣ, ಸಿಂಪಿ’ ಎಂದು ತಿರುಗಿಸಿದರೆ ಗ್ರಂಥಸೂಚಿಯಲ್ಲಿ ಆ ಹೆಸರನ್ನು ‘ಸಿ’ಯಲ್ಲಿ ಹುಡುಕುವ ಕನ್ನಡ ಓದುಗರಿಗೆ ಅದು ಸಿಗುವುದಿಲ್ಲ. ಕುವೆಂಪು ಎಂಬ ಕಾವ್ಯನಾಮಕ್ಕಂತೂ ತಿರುಗಿಸಲು ತುದಿಯೇ ಇಲ್ಲ.

ಒಬ್ಬರೇ ಲೇಖಕರಿದ್ದಾಗ ಈ ತಕರಾರು ಒಂದೇ ಹೆಸರಿನದು. ಹಲವರಿದ್ದಾಗ ಹೆಸರಿನಷ್ಟು ಸಲ ಮರುಕಳಿಸುತ್ತದೆ. ಎಪಿಎ ಶೈಲಿ ಎಲ್ಲ ಲೇಖಕರ ಹೆಸರನ್ನೂ ತಿರುಗಿಸುತ್ತದೆ. ಎಂಎಲ್‌ಎ ಮತ್ತು ಚಿಕಾಗೊ ಮೊದಲನೆಯವರದನ್ನು ಮಾತ್ರ ತಿರುಗಿಸಿ ಉಳಿದವರದನ್ನು ಇದ್ದಂತೆ ಬಿಡುತ್ತವೆ. ಮೊದಲನೆಯವರದನ್ನು ತಿರುಗಿಸುವ ಉದ್ದೇಶ ಅಕಾರಾದಿಯಲ್ಲಿ ಸ್ಥಾನ ಹುಡುಕುವುದಾದ್ದರಿಂದ ಎರಡನೆಯ ಪದ್ಧತಿ ಕನ್ನಡಕ್ಕೆ ಹೆಚ್ಚು ಒಗ್ಗುತ್ತದೆ. ಕನ್ನಡ ವಿಭಾಗಗಳ ಎಷ್ಟೋ ಮಹಾಪ್ರಬಂಧಗಳು ಇನ್ನೂ ಸುಲಭದ ದಾರಿ ಹಿಡಿದಿವೆ: ಯಾರ ಹೆಸರನ್ನೂ ತಿರುಗಿಸುವುದಿಲ್ಲ, ಮೊದಲಕ್ಷರಗಳನ್ನು ಲೆಕ್ಕಕ್ಕೆ ಹಿಡಿಯದೆ ಮುಖ್ಯ ಹೆಸರಿನ ಆಧಾರದ ಮೇಲೆ ಸಾಲುಗೂಡಿಸುತ್ತವೆ. ವಿಭಾಗ ಒಪ್ಪುವುದಾದರೆ ಇದು ಒಳ್ಳೆಯ ಪದ್ಧತಿಯೇ. ಯಾವುದನ್ನು ಆರಿಸಿದರೂ ಗ್ರಂಥಸೂಚಿಯ ತಲೆಯಲ್ಲಿ ಒಂದು ಸಾಲಿನ ಸೂಚನೆ ಕೊಡುವುದು ಓದುಗರಿಗೆ ಮಾಡುವ ಉಪಕಾರ.

ಇಂಗ್ಲಿಷ್ ಆಕರಗಳನ್ನು ಬೇರೆ ಪಟ್ಟಿಯಾಗಿ ರೋಮನ್ ಲಿಪಿಯಲ್ಲಿ ಕೊಡುವುದು ನಮ್ಮಲ್ಲಿ ರೂಢಿ. ಆಗ ವಾಕ್ಯದಲ್ಲಿ ‘ಎಮೆನೊ’ ಎಂದು ಓದಿದವರು ಪಟ್ಟಿಯಲ್ಲಿ ಆ ಹೆಸರಿನ ರೋಮನ್ ಕಾಗುಣಿತವನ್ನು ಊಹಿಸಬೇಕು. ಹೆಸರಿನ ಕೊನೆಯಲ್ಲಿರುವ ಮೂರು ಸ್ವರಾಕ್ಷರಗಳು ಉಚ್ಚಾರದಲ್ಲಿ ಕಾಣುವುದೇ ಇಲ್ಲ. ಒಬ್ಬರ ಹೆಸರನ್ನು ಕನ್ನಡದಲ್ಲಿ ಬರೆಯುವ ರೀತಿ ಪ್ರಬಂಧದುದ್ದಕ್ಕೂ ಒಂದೇ ಆಗಿರಲಿ, ಮತ್ತು ಎರಡು ಲಿಪಿಗಳ ರೂಪಗಳನ್ನೂ ಅಕ್ಕಪಕ್ಕದಲ್ಲಿಟ್ಟ ಒಂದು ಕೋಷ್ಟಕವನ್ನು ಪಟ್ಟಿಯ ಮೊದಲು ಸೇರಿಸಿ.

ಸಂಪಾದಕರು ಮತ್ತು ಸಂಪುಟಗಳು

ಕನ್ನಡದ ಸಾಹಿತ್ಯ ಸಂಶೋಧನೆಯಲ್ಲಿ ಹಲವು ಹೆಸರುಗಳ ಸಮಸ್ಯೆ ಹೆಚ್ಚಾಗಿ ಎದುರಾಗುವುದು ಸಂಪಾದಿತ ಕೃತಿಗಳಲ್ಲಿ. ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಐದು ಸಂಪುಟಗಳಲ್ಲಿ ಪ್ರಕಟಿಸಿತು. 1965ರ ಮೊದಲ ಸಂಪುಟದಲ್ಲಿ ಎಸ್. ಸಿ. ನಂದೀಮಠ, ಎಲ್. ಎಂ. ಎ. ಮೆನೆಜಸ್ ಮತ್ತು ಆರ್. ಸಿ. ಹಿರೇಮಠ ಎಂಬ ಮೂವರ ಹೆಸರಿದೆ. 1968ರ ಎರಡನೆಯ ಸಂಪುಟದಲ್ಲಿ ಎಸ್. ಎಸ್. ಭೂಸನೂರಮಠ ಮತ್ತು ಅರ್ಮಾಂಡೊ ಮೆನೆಜಸ್ ಎಂಬ ಇಬ್ಬರದು. ಐದು ಸಂಪುಟಗಳನ್ನೂ ‘ನಂದೀಮಠ ಮತ್ತು ಇತರರು’ ಎಂದು ಒಂದೇ ನಮೂದಿಗೆ ತಳ್ಳಿದರೆ ಭೂಸನೂರಮಠರು ಮಾಡಿದ ಕೆಲಸ ನಂದೀಮಠರ ಖಾತೆಗೆ ಹೋಗುತ್ತದೆ. ಸಂಪುಟದಿಂದ ಸಂಪುಟಕ್ಕೆ ಸಂಪಾದಕರು ಬದಲಾಗಿದ್ದರೆ ಪ್ರತಿ ಸಂಪುಟಕ್ಕೂ ಬೇರೆ ನಮೂದು ಕೊಡಬೇಕು. ವಾಕ್ಯದಲ್ಲಿ (ನಂದೀಮಠ ಮತ್ತು ಇತರರು, 1965) ಮತ್ತು (ಭೂಸನೂರಮಠ ಮತ್ತು ಮೆನೆಜಸ್, 1968) ಎಂದು ಬೇರೆ ಬೇರೆಯಾಗಿಯೇ ಬರಬೇಕು. ಅಡಿಟಿಪ್ಪಣಿಯ ಪದ್ಧತಿ ಅನುಸರಿಸುವವರು ‘ಪೂರ್ವೋಕ್ತ’ ಎಂದು ಬರೆಯುವ ಮೊದಲು ಯಾವ ಸಂಪುಟವನ್ನು ಹಿಂದೆ ಹೇಳಿತ್ತೆಂದು ಮತ್ತೊಮ್ಮೆ ನೋಡಿಕೊಳ್ಳಲಿ. ‘ಅದೇ’ ಎಂಬುದು ಮೇಲಿನ ಟಿಪ್ಪಣಿಗೆ ಮಾತ್ರ ಅಂಟುತ್ತದೆ. ನಡುವೆ ಒಂದು ಟಿಪ್ಪಣಿ ಹೊಸದಾಗಿ ಸೇರಿದರೆ ಅದರ ಗುರಿಯೇ ತಪ್ಪುತ್ತದೆ. ಹೆಸರು, ಕಿರುಶೀರ್ಷಿಕೆ, ಸಂಪುಟ, ಪುಟ ಎಂದು ಪ್ರತಿ ಸಲವೂ ಬರೆಯುವುದು ತುಸು ಉದ್ದವಾದರೂ ನಿಶ್ಚಿಂತೆಯ ದಾರಿ.

ಹೆಸರನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ಹೊದಿಕೆಯಿಂದಲ್ಲ, ಒಳಗಿನ ಶೀರ್ಷಿಕೆಪುಟ ಮತ್ತು ಅದರ ಹಿಂಬದಿಯಿಂದ. ಕನ್ನಡ ಪುಸ್ತಕಗಳ ಆ ಹಿಂಬದಿಯಲ್ಲಿ ಪ್ರಧಾನ ಸಂಪಾದಕರು, ಸಂಪಾದಕರು, ಸಹಸಂಪಾದಕರು, ಸಲಹಾ ಸಮಿತಿ, ಸಂಯೋಜಕರು, ಪ್ರಕಾಶನ ಸಂಸ್ಥೆಯ ಅಧ್ಯಕ್ಷರು ಎಂದು ಮದುವೆಯ ಕರೆಯೋಲೆಯಂತೆ ಹೆಸರುಗಳಿರುತ್ತವೆ. ಉಲ್ಲೇಖಕ್ಕೆ ಬರುವವರು ಸಂಪಾದಕರು ಮಾತ್ರ. ಪ್ರಧಾನ ಸಂಪಾದಕರು ಇಡೀ ಮಾಲೆಗೆ ಸಂಬಂಧಿಸಿದವರಾಗಿದ್ದು ಆ ಸಂಪುಟಕ್ಕೆ ಬೇರೆ ಸಂಪಾದಕರಿದ್ದರೆ, ಸಂಪುಟದ ಸಂಪಾದಕರ ಹೆಸರನ್ನು ಮುಂದಿಟ್ಟು ಮಾಲೆಯ ವಿವರದ ಜೊತೆ ಪ್ರಧಾನ ಸಂಪಾದಕರನ್ನು ಹೇಳಬಹುದು. ಸಲಹಾ ಸಮಿತಿಗೆ ಉಲ್ಲೇಖದಲ್ಲಿ ಜಾಗವಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನಂತೆ ಅನೇಕರು ಅನೇಕ ವರ್ಷ ದುಡಿದ ಕೃತಿಯನ್ನು ಸಂಸ್ಥೆಯ ಹೆಸರಿನಲ್ಲೇ ಉಲ್ಲೇಖಿಸುವುದು ಒಳ್ಳೆಯದು.

ಸಂಪಾದಿತ ಕೃತಿಯೊಳಗಿನ ಒಂದು ಲೇಖನವನ್ನು ಬಳಸಿದಾಗ ಆವರಣದಲ್ಲಿ ಬರಬೇಕಾದದ್ದು ಆ ಲೇಖನ ಬರೆದವರ ಹೆಸರೇ ಹೊರತು ಸಂಪಾದಕರದಲ್ಲ. ಸಂಪಾದಕರ ಹೆಸರು ‘ಸಂ.’ ಎಂಬ ಗುರುತಿನೊಂದಿಗೆ ಗ್ರಂಥಸೂಚಿಯಲ್ಲಿ ಬರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೂ ತಪ್ಪುವುದು ಇಲ್ಲಿಯೇ, ಏಕೆಂದರೆ ಸಂಪಾದಕರು ಬಹುಮಟ್ಟಿಗೆ ಹೆಸರುವಾಸಿಯಾದವರಾಗಿರುತ್ತಾರೆ.

ಜಾನಪದದ ಕೃತಿಗಳಲ್ಲಿ ಸಮಸ್ಯೆಗೆ ಇನ್ನೊಂದು ಮುಖವಿದೆ. ಹಲಸಂಗಿ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ಸಂಗ್ರಹದ ಹಿಂದಿರುವವರನ್ನು ನಾವು ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಎಂದು ಬಲ್ಲೆವು. ಅವರಲ್ಲಿ ಮಧುರಚೆನ್ನ ಎಂಬುದು ಚೆನ್ನಮಲ್ಲಪ್ಪನವರ ಕಾವ್ಯನಾಮ. ಇಂಥ ಕಡೆ ನೀವು ಕೈಯಲ್ಲಿ ಹಿಡಿದಿರುವ ಮುದ್ರಣದ ಶೀರ್ಷಿಕೆಪುಟದಲ್ಲಿ ಯಾವ ರೂಪವಿದೆಯೋ ಅದನ್ನೇ ಬರೆದು, ಹೆಚ್ಚು ಪ್ರಸಿದ್ಧವಾದ ರೂಪವನ್ನು ಚೌಕಾವರಣದಲ್ಲಿ ಸೇರಿಸಿ. ಹಾಡು ಕಟ್ಟಿದ ಹೆಣ್ಣುಮಕ್ಕಳ ಹೆಸರು ಯಾವ ಶೀರ್ಷಿಕೆಪುಟದಲ್ಲೂ ಇಲ್ಲ. ಆದ್ದರಿಂದ ಸಂಗ್ರಹಕಾರರನ್ನು ‘ಲೇಖಕರು’ ಎನ್ನದೆ ‘ಸಂಗ್ರಾಹಕರು’ ಅಥವಾ ‘ಸಂ.’ ಎಂದೇ ಗುರುತಿಸುವುದು ನ್ಯಾಯ.

ಮೊದಲ ಹೆಸರು ಒಂದೇ, ಜೊತೆಗಾರರು ಬೇರೆ

ಒಬ್ಬರೇ ವಿದ್ವಾಂಸರು ಒಂದೇ ವರ್ಷದಲ್ಲಿ ಬೇರೆ ಬೇರೆ ಜೊತೆಗಾರರೊಂದಿಗೆ ಎರಡು ಲೇಖನ ಬರೆದಿದ್ದಾರೆನ್ನಿ. ಕ, ಚ, ಟ ಎಂಬ ಮೂವರದು ಒಂದು, ಕ, ತ, ಪ ಎಂಬ ಮೂವರದು ಇನ್ನೊಂದು, ಎರಡೂ 2020ರವು. ಎರಡನ್ನೂ ಮೊಟಕು ಮಾಡಿದರೆ (ಕ ಮತ್ತು ಇತರರು, 2020) ಎಂದೇ ಆಗಿ ಕೈಮರ ಎರಡು ದಾರಿಗಳನ್ನು ಒಂದೇ ಕೈಯಲ್ಲಿ ತೋರಿಸುತ್ತದೆ. ಎಪಿಎ ಇಲ್ಲಿ ಭೇದ ಕಾಣುವವರೆಗೆ ಹೆಸರುಗಳನ್ನು ಬಿಡಿಸಲು ಹೇಳುತ್ತದೆ: (ಕ, ಚ ಮತ್ತು ಟ, 2020), (ಕ, ತ ಮತ್ತು ಪ, 2020). ಎರಡನೆಯ ಹೆಸರಿನಲ್ಲೇ ಭೇದ ಕಂಡರೂ ಮೂರನೆಯದನ್ನು ಬರೆದೇ ಬಿಡುವುದು, ಒಬ್ಬರು ಮಾತ್ರ ಉಳಿದಾಗ ‘ಇತರರು’ ಎನ್ನಬಾರದೆಂಬ ನಿಯಮದಿಂದ. ಲೇಖಕರೆಲ್ಲರೂ ಅದೇ ಕ್ರಮದಲ್ಲಿ ಅವರೇ ಆಗಿದ್ದು ವರ್ಷವೂ ಒಂದೇ ಆಗಿದ್ದರೆ 2020ಅ, 2020ಆ ಎಂದು ಇಸವಿಗೆ ಅಕ್ಷರ ಸೇರಿಸಬೇಕು.

ಗ್ರಂಥಸೂಚಿಯಲ್ಲಿ ಕ ಒಬ್ಬರೇ ಬರೆದದ್ದು ಮೊದಲು, ಜೊತೆಗೂಡಿ ಬರೆದದ್ದು ಅನಂತರ, ಅವುಗಳೊಳಗೆ ಎರಡನೆಯ ಲೇಖಕರ ಹೆಸರಿನ ಅಕಾರಾದಿ. ಗಣಕದಿಂದ ಸಾಲುಗೂಡಿಸುವವರು ಒಮ್ಮೆ ಕಣ್ಣಾಡಿಸಬೇಕು: ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ಅನಂತರ ಬರುತ್ತದೆ. ಸಂಕೇತಸಂಖ್ಯೆಯನ್ನೇ ನಂಬುವ ತಂತ್ರಾಂಶ ‘ಕಳಸ’ವನ್ನು ‘ಕವಿ’ಗಿಂತ ಮುಂದೆ ಕೂರಿಸುತ್ತದೆ.

ಆಕರಗಳನ್ನು ಗಣಕದಲ್ಲಿ ಕೂಡಿಡುವವರು

ಜೊಟೆರೊದಂತಹ ತಂತ್ರಾಂಶ ಬಳಸುವವರು ಪ್ರತಿ ಲೇಖಕರಿಗೂ ಬೇರೆ ಸಾಲು ತೆರೆಯಬೇಕು. ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕುತ್ತಾ ಮೂವರನ್ನು ತುಂಬಿದರೆ ತಂತ್ರಾಂಶಕ್ಕೆ ಅವರು ಉದ್ದ ಹೆಸರಿನ ಒಬ್ಬರೇ ಆಗುತ್ತಾರೆ. ‘ಮತ್ತು ಇತರರು’ ಎಂದೂ ಬರುವುದಿಲ್ಲ. ಹೆಸರಿನ ಎರಡು ಚೌಕಗಳನ್ನು ಒಂದಾಗಿಸುವ ಸೌಲಭ್ಯ ಅದರಲ್ಲಿದೆ. ಕುವೆಂಪು, ಕನ್ನಡ ಸಾಹಿತ್ಯ ಪರಿಷತ್ತು ಎಂಬ ಹೆಸರುಗಳಿಗೆ ಅದನ್ನೇ ಬಳಸಿ. ಗೂಗಲ್ ಸ್ಕಾಲರ್‌ನಲ್ಲಿ ಸಿದ್ಧವಾಗಿ ದೊರೆಯುವ ಉಲ್ಲೇಖವನ್ನು ನಕಲು ಮಾಡಿಕೊಳ್ಳುವವರು ಎಂಎಲ್‌ಎ ರೂಪವನ್ನು ತೆಗೆದಿಟ್ಟುಕೊಂಡರೆ ಮೊದಲ ಹೆಸರಿನ ಹೊರತು ಉಳಿದವರೆಲ್ಲ ಅಲ್ಲೇ ಕಳೆದುಹೋಗುತ್ತಾರೆ. ಮುಂದೆ ಎಪಿಎಗೆ ಬದಲಿಸಬೇಕಾದರೆ ಮತ್ತೆ ಮೂಲ ಲೇಖನವನ್ನು ಹುಡುಕಿಕೊಂಡು ಹೋಗಬೇಕು. ಯಾವ ಶೈಲಿಯಲ್ಲಿ ಬರೆಯುವುದಾದರೂ ಟಿಪ್ಪಣಿ ಮಾಡಿಕೊಳ್ಳುವ ದಿನವೇ ಎಲ್ಲ ಲೇಖಕರ ಪೂರ್ಣ ಹೆಸರನ್ನು, ಶೀರ್ಷಿಕೆಪುಟದಲ್ಲಿರುವ ಕ್ರಮದಲ್ಲೇ, ಒಂದು ಕಡೆ ಬರೆದಿಡಿ.

ಪ್ರಬಂಧ ಮುಗಿದ ಮೇಲೆ ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು, ವಾಕ್ಯದಲ್ಲಿ ಬಂದ ಪ್ರತಿ ಹೆಸರನ್ನೂ ಗ್ರಂಥಸೂಚಿಯಲ್ಲಿ ಹುಡುಕಿ ಎರಡು ಕಡೆಯೂ ಪೆನ್ಸಿಲಿನಿಂದ ಗುರುತು ಹಾಕುತ್ತಾ ಬನ್ನಿ. ‘ಮತ್ತು ಇತರರು’ ಎಂಬುದು ಸಿಕ್ಕಲ್ಲೆಲ್ಲ ಆ ಇತರರ ಹೆಸರನ್ನು ಒಮ್ಮೆ ಬಾಯಲ್ಲಿ ಹೇಳಿಕೊಳ್ಳಿ. ಹೇಳಲು ಬಾರದ ನಮೂದಿನ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು, ಮರುದಿನ ಗ್ರಂಥಾಲಯಕ್ಕೆ ಹೋದಾಗ ಆ ಪುಸ್ತಕವನ್ನು ಇನ್ನೊಮ್ಮೆ ತೆಗೆಸಿ ನೋಡಿ.